‘ಹಿಟ್’ ಅನ್ನುವ ಒಂದು ಪದ, ಜರ್ಮನ್‌ನಲ್ಲಿ ಎಷ್ಟು ಪದ? ಹೊಡೆ, ಬಡಿ, ಗುದ್ದು, ತಾಗು ಬಗ್ಗೆ ಚರ್ಚೆ

ಗಂಗಾವತಿ ನರ್ಸ್ · ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿಯವಳು. ನರ್ಸಿಂಗ್ ಮುಗಿಸಿ ನಾಲ್ಕು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದ್ದೇನೆ. ಈಗ ಜರ್ಮನಿಗೆ ಹೋಗಬೇಕು ಅಂತ ಜರ್ಮನ್ ಕಲಿಯುತ್ತಿದ್ದೇನೆ. ಬಿ1 ಅನ್ನುವ ಹಂತ ಮುಗಿದಿದೆ. ಅಲ್ಲಿ ನರ್ಸ್ ಕೆಲಸಕ್ಕೆ ಸಾಮಾನ್ಯವಾಗಿ ಅದರ ಮುಂದಿನ ಹಂತ ಬಿ2 ಕೇಳುತ್ತಾರೆ, ಅದಕ್ಕೆ ತಯಾರಿ ನಡೆದಿದೆ.

ಈ ವಾರ ಕ್ಲಾಸಿನಲ್ಲಿ ಇಂಗ್ಲಿಷ್‌ನಲ್ಲಿದ್ದ ವಾರ್ಡಿನ ಟಿಪ್ಪಣಿ ಕೊಟ್ಟು ಜರ್ಮನ್‌ನಲ್ಲಿ ಬರೆಯಿರಿ ಅಂದರು. ಮೂರು ಕಡೆ ‘ಹಿಟ್’ ಇತ್ತು. ಒಬ್ಬ ರೋಗಿಯ ತಲೆ ಕಿಟಕಿಗೆ ಬಡಿದದ್ದು. ಇನ್ನೊಬ್ಬನಿಗೆ ಕಾರು ಗುದ್ದಿದ್ದು. ಮತ್ತೊಬ್ಬನಿಗೆ ಅವನ ಅಣ್ಣನೇ ಮುಖಕ್ಕೆ ಹೊಡೆದದ್ದು. ನಾನು ಡಿಕ್ಷನರಿ ನೋಡಿ ಮೂರಕ್ಕೂ ‘ಶ್ಲಾಗೆನ್’ ಹಾಕಿಬಿಟ್ಟೆ.

ಟೀಚರ್ ಮೊದಲನೆಯದರ ಕೆಳಗೆ ಬರೆದರು: “ಇವನು ಬೇಕಂತಲೇ ತನ್ನ ತಲೆಗೆ ತಾನೇ ಹೊಡೆದುಕೊಂಡನಾ?” ಎರಡನೆಯದಕ್ಕೆ ಕೆಂಪು ಗೆರೆ. ಮೂರನೆಯದರಲ್ಲಿ ಪದ ಸರಿ, ವಿಭಕ್ತಿ ತಪ್ಪು.

ಮಾರ್ಕ್ಸ್ ಹೋದದ್ದಕ್ಕೆ ಬೇಜಾರಿಲ್ಲ. ನಾಳೆ ನಿಜವಾದ ಕೇಸ್ ಶೀಟಿನಲ್ಲಿ ಹೀಗೆ ಬರೆದರೆ ಏನು ಗತಿ ಅಂತ ಭಯ. ಅದನ್ನು ಓದಿದ ಡಾಕ್ಟರು ರೋಗಿ ತನಗೆ ತಾನೇ ಹಾನಿ ಮಾಡಿಕೊಂಡ ಅಂದುಕೊಳ್ಳಬಹುದು. ಯಾರಾದರೂ ಇದನ್ನು ಬುಡದಿಂದ ಹೇಳಿಕೊಡುತ್ತೀರಾ?


ಬಳ್ಳಾರಿ ಅನುವಾದಕಿ · ಶನಿವಾರ ರಾತ್ರಿ 10:25

ತಂಗೀ, ಉತ್ತರ ನಿನ್ನ ಪ್ರಶ್ನೆಯಲ್ಲೇ ಇದೆ. ನೀನು ಬರೆದದ್ದನ್ನು ಇನ್ನೊಂದು ಸಲ ಓದು. ತಲೆ ‘ಬಡಿದದ್ದು’. ಕಾರು ‘ಗುದ್ದಿದ್ದು’. ಅಣ್ಣ ‘ಹೊಡೆದದ್ದು’. ಯಾರೂ ಹೇಳಿಕೊಡದೆ ಮೂರಕ್ಕೂ ಬೇರೆ ಬೇರೆ ಪದ ಹಾಕಿದ್ದೀಯ. ಇಂಗ್ಲಿಷ್ ವಾಕ್ಯ ನೋಡುತ್ತಾ ಜರ್ಮನ್‌ಗೆ ಹಾರಿದಾಗ ಮಾತ್ರ ಆ ವ್ಯತ್ಯಾಸ ಕೈಬಿಟ್ಟು ಹೋಗಿದೆ.

ನಾನು ಹದಿನೈದು ವರ್ಷದಿಂದ ಯಂತ್ರಗಳ ಕೈಪಿಡಿಗಳನ್ನು ಇಂಗ್ಲಿಷ್‌ನಿಂದ ಜರ್ಮನ್‌ಗೆ ಮಾಡುತ್ತಿದ್ದೇನೆ. ಮೊದಲ ಎರಡು ವರ್ಷ ನಾನೂ ಇದೇ ತಪ್ಪು ಮಾಡಿದೆ. ಆಮೇಲೆ ಒಂದು ರೂಢಿ ಮಾಡಿಕೊಂಡೆ. ಹೊಡೆತದ ಕ್ರಿಯಾಪದ ಬಂದ ಕೂಡಲೇ ಇಂಗ್ಲಿಷ್ ಹಾಳೆ ಮುಚ್ಚಿ, ನಡೆದದ್ದನ್ನು ಮನೆಯಲ್ಲಿ ಅಮ್ಮನಿಗೆ ಹೇಳುವ ಹಾಗೆ ಕನ್ನಡದಲ್ಲಿ ಹೇಳಿಕೊಳ್ಳುತ್ತೇನೆ. ಆಮೇಲೆ ಜರ್ಮನ್ ಪದ ಹುಡುಕುತ್ತೇನೆ.

ನಿನ್ನ ಮೂರು ವಾಕ್ಯ ನೋಡೋಣ.

ತಲೆ ಕಿಟಕಿಗೆ ಬಡಿಯಿತು. ಇಲ್ಲಿ ಯಾರೂ ಯಾರಿಗೂ ಹೊಡೆದಿಲ್ಲ. ಜರ್ಮನ್‌ನಲ್ಲಿ ‘ಶ್ಟೋಸೆನ್’, ಅದರ ಜೊತೆ ‘ಝಿಶ್’ ಇರಲೇಬೇಕು. “ಎರ್ ಹಾಟ್ ಝಿಶ್ ಡೇನ್ ಕೊಪ್ಫ್ ಗೆಶ್ಟೋಸೆನ್.” ನಾವು “ತಲೆಗೆ ಪೆಟ್ಟು ಮಾಡಿಕೊಂಡ” ಅಂತೀವಲ್ಲ, ಆ ‘ಕೊಂಡ’ ಮಾಡುವ ಕೆಲಸವನ್ನೇ ‘ಝಿಶ್’ ಮಾಡುತ್ತದೆ. ಒಂದು ಎಚ್ಚರ. ‘ಝಿಶ್’ ಬಿಟ್ಟು “ಎರ್ ಹಾಟ್ ಈನ್ ಗೆಶ್ಟೋಸೆನ್” ಅಂದರೆ “ಅವನು ಇವನನ್ನು ನೂಕಿದ” ಅಂತ ಆಗುತ್ತದೆ. ಚಿಕ್ಕ ಪದ ಬಿದ್ದುಹೋದರೆ ಅಪಘಾತ ಹೋಗಿ ಜಗಳ ಆಗುತ್ತದೆ.

ಕಾರು ಗುದ್ದಿತು. ಗಾಡಿಗೆ ಜರ್ಮನ್ನರು ‘ಫಾರೆನ್’ ಪದವನ್ನೇ ಇಟ್ಟುಕೊಳ್ಳುತ್ತಾರೆ. ಫಾರೆನ್ ಅಂದರೆ ಗಾಡಿ ಓಡಿಸುವುದು, ಗಾಡಿಯಲ್ಲಿ ಹೋಗುವುದು. ಅದಕ್ಕೆ ಮುಂದೆ ‘ಆನ್’ ಸೇರಿಸಿದರೆ ಗುದ್ದುವುದು: “ಐನ್ ಔಟೋ ಹಾಟ್ ಈನ್ ಆನ್‌ಗೆಫಾರೆನ್.” ಮೈಮೇಲೆ ಹರಿದು ಹೋದರೆ ‘ಊಬರ್‌ಫಾರೆನ್’. ಕೇಸ್ ಶೀಟಿನಲ್ಲಿ ಇವೆರಡರ ನಡುವಿನ ಅಂತರ ನಿನಗೆ ನಾನು ಹೇಳಬೇಕಾಗಿಲ್ಲ.

ಅಣ್ಣ ಹೊಡೆದ. ಇದು ಶ್ಲಾಗೆನ್. ಕೈ ಎತ್ತಿದ ಮನುಷ್ಯ ಇದ್ದಾನೆ, ಬೇಕಂತಲೇ ಮಾಡಿದ್ದಾನೆ. ವಿಭಕ್ತಿ ಎಲ್ಲಿ ತಪ್ಪಿತು ಅಂತ ನನಗೆ ಅಂದಾಜಿದೆ. “ಅವನಿಗೆ ಹೊಡೆದ” ಅನ್ನುವುದು ನಮ್ಮ ರೂಢಿ, ಅದಕ್ಕೆ ನೀನು ‘ಈಮ್’ ಹಾಕಿರಬೇಕು. ಜರ್ಮನ್‌ನಲ್ಲಿ ಸುಮ್ನೆ ಒಬ್ಬನಿಗೆ ಹೊಡೆದರೆ ‘ಈನ್’, ಅಂದರೆ ನಮ್ಮ ‘ಅವನನ್ನು’. “ಎರ್ ಹಾಟ್ ಈನ್ ಗೆಶ್ಲಾಗೆನ್.” ಮೈಯ ಯಾವ ಭಾಗ ಅಂತ ಹೇಳಿದರೆ ಮಾತ್ರ ಮನುಷ್ಯನಿಗೆ ‘ಈಮ್’: “ಎರ್ ಹಾಟ್ ಈಮ್ ಇನ್ಸ್ ಗೆಝಿಶ್ಟ್ ಗೆಶ್ಲಾಗೆನ್.” ಅವನಿಗೆ ಮುಖಕ್ಕೆ ಹೊಡೆದ. ಇಲ್ಲಿ ನಮ್ಮ ಮಾತೂ ಅವರ ಮಾತೂ ಒಂದಕ್ಕೊಂದು ಕೂತುಬಿಡುತ್ತವೆ.


ಗಂಗಾವತಿ ನರ್ಸ್ · ಶನಿವಾರ ರಾತ್ರಿ 10:50

ಅಕ್ಕಾ, ತಪ್ಪಿದ್ದು ಅಲ್ಲೇ, ಆದರೆ ಉಲ್ಟಾ. ನಾನು ಬರೆದದ್ದು “ಈನ್ ಇನ್ಸ್ ಗೆಝಿಶ್ಟ್”. ಹಿಂದಿನ ವಾರ ‘ಈಮ್’ ಹಾಕಿ ತಪ್ಪಾಗಿತ್ತು, ಅದಕ್ಕೆ ಈ ಸಲ ‘ಈನ್’ ಹಾಕಿದೆ. ಎರಡೂ ಸರಿಯಾಗುವ ಜಾಗ ಬೇರೆ ಬೇರೆ ಅಂತ ಈಗ ಗೊತ್ತಾಯಿತು.

ಇನ್ನೊಂದು ಕೇಳಲಾ? ಬಿದ್ದಾಗ ತಲೆ ನೆಲಕ್ಕೆ ಅಪ್ಪಳಿಸಿದರೂ ಶ್ಟೋಸೆನ್ ಅನ್ನಬಹುದಾ? ಅದು ಸಣ್ಣ ಪೆಟ್ಟಿನ ಹಾಗೆ ಕೇಳಿಸುತ್ತದೆ.


ಸಿರುಗುಪ್ಪದವಳು, ಈಗ ಹ್ಯಾಂಬರ್ಗ್ · ಭಾನುವಾರ ಬೆಳಗ್ಗೆ 11:15

ನಾನು ಇಲ್ಲಿ ಬಂದು ಮೂರು ವರ್ಷ, ನಾನೂ ನರ್ಸ್. ನಿಮ್ಮ ಕಿವಿ ಸರಿಯಾಗಿದೆ. ಕಪಾಟಿನ ಬಾಗಿಲಿಗೆ ಹಣೆ ತಾಗಿದರೆ ಶ್ಟೋಸೆನ್. ಬಿದ್ದು ನೆಲಕ್ಕೆ ಅಪ್ಪಳಿಸಿದರೆ ‘ಔಫ್‌ಶ್ಲಾಗೆನ್’. ಇದರಲ್ಲೂ ಶ್ಲಾಗೆನ್ ಇದೆ, ಆದರೆ ಸಹಾಯಕ ಕ್ರಿಯಾಪದ ಬದಲಾಗುತ್ತದೆ. “ಎರ್ ಇಸ್ಟ್ ಮಿಟ್ ಡೇಮ್ ಕೊಪ್ಫ್ ಔಫ್ ಡೇಮ್ ಬೋಡೆನ್ ಔಫ್‌ಗೆಶ್ಲಾಗೆನ್.” ‘ಹಾಟ್’ ಅಲ್ಲ, ‘ಇಸ್ಟ್’. ‘ಹಾಟ್ ಗೆಶ್ಲಾಗೆನ್’ ಅಂದರೆ ಅವನು ಹೊಡೆದ. ಇಲ್ಲಿ ‘ಇಸ್ಟ್’ ಬಂದ ಕೂಡಲೇ ಅವನು ಹೋಗಿ ಬಡಿದುಕೊಂಡ ಅಂತ ತಿಳಿಯುತ್ತದೆ. ವಾರ್ಡಿನಲ್ಲಿ ಪಾಳಿ ಬದಲಾಗುವಾಗ ನಾನು ಮೊದಲು ಈ ‘ಹಾಟ್’, ‘ಇಸ್ಟ್’ ಕಡೆ ಕಿವಿ ಕೊಡುತ್ತೇನೆ.

ನೋವಿನ ವಿಷಯಕ್ಕೂ ಇದೇ ಮನೆತನದ ಪದಗಳು ಬೇಕಾಗುತ್ತವೆ. “ತಲೆ ದಬದಬ ಬಡೀತಿದೆ” ಅಂದರೆ ‘ಪೋಖೆಂಡ್’. “ಚುಚ್ಚಿದ ಹಾಗೆ” ಅಂದರೆ ‘ಶ್ಟೆಶೆಂಡ್’. ಡಾಕ್ಟರು ಎದೆಯ ಮೇಲೆ ಬೆರಳಿಟ್ಟು ತಟ್ಟಿ ನೋಡುವುದು ‘ಆಪ್‌ಕ್ಲೊಪ್ಫೆನ್’. ಕ್ಲೊಪ್ಫೆನ್ ಅಂದರೆ ತಟ್ಟುವುದು. ಬಾಗಿಲು ತಟ್ಟುವುದಕ್ಕೂ ಅದೇ, ಭುಜ ತಟ್ಟಿ ಶಭಾಷ್ ಅನ್ನುವುದಕ್ಕೂ ಅದೇ. ಅಲ್ಲಿ ಶ್ಲಾಗೆನ್ ಹಾಕಿದರೆ ಶಭಾಷ್ ಅಂದವರು ಹೊಡೆದವರಾಗುತ್ತಾರೆ.


ರಾಯಚೂರು ಮೇಷ್ಟ್ರು · ಭಾನುವಾರ ಮಧ್ಯಾಹ್ನ 12:05

ನಾನು ಕನ್ನಡ ಮೇಷ್ಟ್ರಾಗಿ ನಿವೃತ್ತನಾದವನು. ಜರ್ಮನ್ ಬರುವುದಿಲ್ಲ. ಆದರೆ ಈ ಮಾತುಕತೆ ಓದಿ ಬಹಳ ಸಂತೋಷವಾಯಿತು. ಕನ್ನಡವನ್ನು ಮೊದಲು ಹೇಳಿಕೊಳ್ಳಿ ಅನ್ನುವ ಮಾತು ನನಗೆ ತುಂಬಾ ಹಿಡಿಸಿತು.

ಜರ್ಮನ್ನರೂ ಈ ದಾರಿಯಲ್ಲಿ ನಮ್ಮ ಕಡೆ ನಡೆದು ಬಂದಿದ್ದಾರೆ, ನೆನಪಿರಲಿ. ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ಕೋಶ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಸುಮಾರು 70,000 ಪದ. ಅವರ ಮನೆಮಾತು ಜರ್ಮನ್, ಕೋಶ ಬರೆದದ್ದು ಇಂಗ್ಲಿಷ್‌ನಲ್ಲಿ. ಹೊಡೆ, ಬಡಿ, ತಟ್ಟು, ಕುಟ್ಟು, ಇವನ್ನೆಲ್ಲ ಒಬ್ಬ ಜರ್ಮನ್ ಮನುಷ್ಯ ಒಂದೊಂದಾಗಿ ಕೇಳಿ, ಬೇರೆ ಮಾಡಿ ಬರೆದಿಟ್ಟ. ಇವತ್ತು ನಮ್ಮ ಹುಡುಗಿ ಅದೇ ಸೇತುವೆ ಮೇಲೆ ಆ ಕಡೆ ಹೊರಟಿದ್ದಾಳೆ. ಬಳ್ಳಾರಿಗೂ ಈ ನಂಟು ಇದೆ. ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’, ಆಮೇಲೆ ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ ಆಯಿತು.

ಹೊಡೆ ಪದದ ಬಗ್ಗೆ ಒಂದು ಮಾತು. ಹಳಗನ್ನಡದಲ್ಲಿ ಇದು ‘ಪೊಡೆ’. ಪಕಾರ ಹಕಾರವಾಗಿ ಹೊಡೆ ಆಯಿತು. ಒಡೆ ಅನ್ನುವುದು ಬೇರೆ ಪದ, ಅದಕ್ಕೆ ಪಕಾರ ಎಂದೂ ಇರಲಿಲ್ಲ. ಹಕಾರ ಬಿಟ್ಟು ಮಾತಾಡುವವರ ಬಾಯಲ್ಲಿ ಎರಡೂ ‘ಒಡಿ’ ಆಗುತ್ತವೆ. “ಮಡಕೆ ಒಡ್ದ” ಅಂದರೆ ಹೊಡೆದನೋ ಒಡೆದನೋ? ಜರ್ಮನ್‌ನಲ್ಲಿ ಇಂಥ ಗೊಂದಲ ಇದೆಯಾ ಅಂತ ತಿಳಿದವರು ಹೇಳಬೇಕು.


ಬಳ್ಳಾರಿ ಅನುವಾದಕಿ · ಭಾನುವಾರ ಮಧ್ಯಾಹ್ನ 1:30

ಸರ್, ನೀವು ಕೇಳಿದ್ದು ದೊಡ್ಡ ಪ್ರಶ್ನೆ. ಚಾರ್ಲ್ಸ್ ಫಿಲ್‌ಮೋರ್ ಅನ್ನುವ ಅಮೆರಿಕದ ಭಾಷಾವಿಜ್ಞಾನಿ 1970ರಲ್ಲಿ ಇದರ ಬಗ್ಗೆಯೇ ಒಂದು ಲೇಖನ ಬರೆದರು. ಹೊಡೆಯುವ ಪದಗಳ ವ್ಯಾಕರಣ ಬೇರೆ, ಒಡೆಯುವ ಪದಗಳ ವ್ಯಾಕರಣ ಬೇರೆ ಅಂತ. ಒಡೆ ಅಂದರೆ ವಸ್ತುವಿಗೆ ಏನಾಯಿತು ಅಂತ ಗೊತ್ತಾಗುತ್ತದೆ. ಹೊಡೆ ಅಂದರೆ ಏಟು ಬಿತ್ತು ಅಂತ ಮಾತ್ರ. ಮುಂದೆ ಏನಾಯಿತು ಅಂತ ಆ ಪದ ಹೇಳುವುದಿಲ್ಲ. ಇಂಗ್ಲಿಷ್‌ನಲ್ಲಿ ‘ಹಿಟ್ ಹಿಮ್ ಆನ್ ದ ಲೆಗ್’ ನಡೆಯುತ್ತದೆ, ‘ಬ್ರೋಕ್ ಹಿಮ್ ಆನ್ ದ ಲೆಗ್’ ನಡೆಯುವುದಿಲ್ಲ. ಕನ್ನಡದಲ್ಲೂ “ಅವನಿಗೆ ಕಾಲಿಗೆ ಹೊಡೆದ” ಸರಿ, “ಅವನಿಗೆ ಕಾಲಿಗೆ ಮುರಿದ” ಅನ್ನುವುದಿಲ್ಲ, ಅಲ್ವಾ?

ಹಾಗಾದರೆ ಏಟಿನ ಜೊತೆ ಏನಾಯಿತು ಅಂತಲೂ ಹೇಳಬೇಕಾದರೆ? ನಾವು ಇನ್ನೊಂದು ಕ್ರಿಯಾಪದ ಜೋಡಿಸುತ್ತೇವೆ. ಹೊಡೆದು ಒಡೆದ. ಹೊಡೆದು ಕೊಂದ. ಹೊಡೆದು ಕೆಡವಿದ. ಜರ್ಮನ್ನರು ಪದದ ಮುಂದೆ ಒಂದು ತುಣುಕು ಅಂಟಿಸುತ್ತಾರೆ. ‘ತ್ಸೆರ್‌ಶ್ಲಾಗೆನ್’ ಅಂದರೆ ಹೊಡೆದು ಒಡೆ. ‘ಎರ್‌ಶ್ಲಾಗೆನ್’ ಹೊಡೆದು ಕೊಲ್ಲು. ‘ನೀಡರ್‌ಶ್ಲಾಗೆನ್’ ಹೊಡೆದು ಕೆಡವು. ‘ತ್ಸುರ್ಯುಕ್‌ಶ್ಲಾಗೆನ್’ ತಿರುಗಿ ಹೊಡೆ. ಗೋಡೆಗೆ ಮೊಳೆ ಹೊಡೆಯುವುದು ‘ಐನ್‌ಶ್ಲಾಗೆನ್’, ಒಳಗೆ ಹೋಗುವ ಹಾಗೆ ಹೊಡೆಯುವುದು. ಸಿಡಿಲು ಬಡಿದರೂ ಐನ್‌ಶ್ಲಾಗೆನ್.

ನಾವು ಹಿಂದೆ ಜೋಡಿಸುವುದನ್ನು ಅವರು ಮುಂದೆ ಜೋಡಿಸುತ್ತಾರೆ. ಇದು ಹೊಳೆದ ದಿನ ನನಗೆ ಜರ್ಮನ್ ಹತ್ತಿರದ ಭಾಷೆ ಅನ್ನಿಸಿತು. ಅಲ್ಲಿಯವರೆಗೆ ಆ ತುಣುಕುಗಳನ್ನೆಲ್ಲ ಬಾಯಿಪಾಠ ಮಾಡುತ್ತಿದ್ದೆ.

ಆದರೆ ಎಲ್ಲ ತುಣುಕಿನಲ್ಲೂ ಹೊಡೆತ ಹುಡುಕಬೇಡಿ. ‘ನಾಖ್‌ಶ್ಲಾಗೆನ್’ ಅಂದರೆ ಕೋಶದಲ್ಲಿ ಪದ ಹುಡುಕುವುದು. ‘ಫೋರ್‌ಶ್ಲಾಗೆನ್’ ಅಂದರೆ ಸಲಹೆ ಕೊಡುವುದು. ಇವನ್ನು ಹಾಗೇ ಕಲಿಯಬೇಕು.


ಸಿಂಧನೂರು ರೈತ · ಭಾನುವಾರ ಸಂಜೆ 6:10

ನನ್ನ ಮಗಳೂ ಜರ್ಮನ್ ಕಲಿಯುತ್ತಿದ್ದಾಳೆ, ಅವಳೇ ಈ ಚರ್ಚೆ ತೋರಿಸಿದಳು. ನನ್ನದು ಎರಡು ಪ್ರಶ್ನೆ.

ನಮ್ಮಲ್ಲಿ ಭತ್ತ ಬಡಿಯುತ್ತೇವೆ. ಸಿವುಡು ಎತ್ತಿ ಕಲ್ಲಿಗೆ, ಹಲಗೆಗೆ ಬಡಿಯುವುದು. ಈಗ ಮಷಿನ್ ಬಂದು ಗದ್ದೆಯಲ್ಲೇ ಮುಗಿಸಿ ಹೋಗುತ್ತದೆ, ಆದರೆ ಪದ ಉಳಿದಿದೆ. ಹೇಳಿದ ಮಾತು ಕೇಳದ ಹುಡುಗನಿಗೂ “ಬಡಿತೀನಿ ನೋಡು” ಅಂತೀವಿ. ಜೋಳದ ಕಾಲಕ್ಕೆ ಎತ್ತು ಕಟ್ಟಿ ಹಂತಿ ಹೊಡೆಯುತ್ತಿದ್ದೆವು, ಅಲ್ಲಿ ತುಳಿಯುವುದು ಎತ್ತು, ಆದರೂ ನಮ್ಮ ಬಾಯಲ್ಲಿ ‘ಹೊಡೆಯುವುದು’. ಇದಕ್ಕೆಲ್ಲ ಅವರಲ್ಲಿ ಏನು ಅಂತಾರೆ?

ಎರಡನೆಯದು. ನಾವು ಬೋರ್ ಹೊಡೆಸುತ್ತೇವೆ. ನೀರು ‘ಬಿತ್ತು’ ಅಂತೀವಿ. ಇಂಗ್ಲಿಷ್‌ನಲ್ಲಿ ನೀರಿಗೂ ‘ಹಿಟ್’, ‘ಸ್ಟ್ರೈಕ್’ ಅಂತಾರೆ ಅಂತ ಮಗಳು ಹೇಳಿದಳು. ಜರ್ಮನ್‌ನಲ್ಲಿ?


ಬಳ್ಳಾರಿ ಅನುವಾದಕಿ · ಭಾನುವಾರ ರಾತ್ರಿ 8:45

ಅಣ್ಣಾ, ನಿಮ್ಮ ಎರಡೂ ಪ್ರಶ್ನೆ ಚಿನ್ನದಂಥವು.

ಒಕ್ಕುವುದಕ್ಕೆ ಜರ್ಮನ್‌ನಲ್ಲಿ ‘ಡ್ರೆಶೆನ್’. ಗದ್ದೆಗೆ ಬರುವ ಆ ಮಷಿನ್ ‘ಮೇಡ್ರೆಶರ್’, ಕೊಯ್ದು ಒಕ್ಕುವುದು ಅಂತ ಅರ್ಥ. ಒಬ್ಬನನ್ನು ಚೆನ್ನಾಗಿ ಬಡಿದರೆ ‘ಫೆರ್‌ಡ್ರೆಶೆನ್’. ಇಂಗ್ಲಿಷ್‌ನ ‘ಥ್ರೆಶ್’, ‘ಥ್ರ್ಯಾಶ್’ ಕೂಡ ಒಂದೇ ಪದದ ಎರಡು ರೂಪ. ಅಂದರೆ ತೆನೆಗೂ ಮನುಷ್ಯನಿಗೂ ಒಂದೇ ಪದ ಹಾಕುವುದು ನಿಮ್ಮ ಊರಿನ ಹಾಗೆಯೇ ಅಲ್ಲೂ ಇದೆ. ಇನ್ನೂ ಒಂದು ವಿಷಯ: ಡ್ರೆಶೆನ್‌ಗೆ ಬಹಳ ಹಿಂದೆ ಕಾಲಿನಿಂದ ತುಳಿಯುವುದು ಅನ್ನುವ ಅರ್ಥ ಇತ್ತು ಅಂತ ಶಬ್ದಮೂಲ ಬಲ್ಲವರು ಹೇಳುತ್ತಾರೆ. ನಿಮ್ಮ ಹಂತಿಯ ಎತ್ತುಗಳು ನೆನಪಾದವು.

ನೀರಿಗೆ ‘ಔಫ್ ವಾಸರ್ ಶ್ಟೋಸೆನ್’. ನೆಲ ಕೊರೆಯುತ್ತಾ ಹೋಗಿ ನೀರಿಗೆ ಎದುರಾಗುವುದು. ಹಟ್ಟಿಯಲ್ಲಿ ಚಿನ್ನ ಸಿಕ್ಕಿತು ಅನ್ನುವುದಕ್ಕೂ ‘ಔಫ್ ಗೋಲ್ಡ್ ಶ್ಟೋಸೆನ್’. ತಲೆಗೆ ಪೆಟ್ಟಾದಾಗ ಬಂದ ಅದೇ ಶ್ಟೋಸೆನ್, ಆದರೆ ಇಲ್ಲಿ ‘ಝಿಶ್’ ಇಲ್ಲ, ‘ಔಫ್’ ಇದೆ. ಬೋರ್ ‘ಹೊಡೆಸುವುದನ್ನು’ ಮಾತ್ರ ಶ್ಲಾಗೆನ್ ಮಾಡಬೇಡಿ. ಅವರಿಗೆ ಅದು ‘ಬೋರೆನ್’, ಕೊರೆಯುವುದು.

ಇದೇ ಕಾರಣಕ್ಕೆ ಒಂದು ಮಾತು ಸೇರಿಸುತ್ತೇನೆ. ಕನ್ನಡ ದಾರಿ ತೋರಿಸುತ್ತದೆ ಅಂದೆ, ಆದರೆ ನಮ್ಮ ‘ಹೊಡೆ’ ಬಹಳ ಅಗಲದ ಪದ. ಗೊರಕೆ ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ, ಡೈವ್ ಹೊಡೆಯುತ್ತೇವೆ. ಅದಕ್ಕಿಂತ ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ. “ಕಲ್ಲು ಹೊಡೆದ, ತಾಗಲಿಲ್ಲ” ಅಂತ ನಾವು ಸಲೀಸಾಗಿ ಹೇಳುತ್ತೇವೆ. ಇಂಗ್ಲಿಷ್‌ನ ‘ಹಿಟ್’ ಅಂದರೆ ತಾಗಿತು ಅಂತಲೇ ಅರ್ಥ. ಜರ್ಮನ್ ಇದನ್ನು ಎರಡು ಪಾಲು ಮಾಡುತ್ತದೆ. ಕಲ್ಲು ಎಸೆಯುವುದು ‘ವೆರ್ಫೆನ್’, ತಾಗುವುದು ‘ಟ್ರೆಫೆನ್’. ಕಲ್ಲು, ಗುಂಡು, ಬಾಣ, ಚೆಂಡು, ಯಾವುದೇ ಆಗಲಿ ದೂರದಿಂದ ಹೋಗಿ ತಾಗಿದರೆ ಟ್ರೆಫೆನ್. “ಡೆರ್ ಶ್ಟೈನ್ ಹಾಟ್ ಈನ್ ಆಮ್ ಕೊಪ್ಫ್ ಗೆಟ್ರೊಫೆನ್”: ಕಲ್ಲು ಅವನ ತಲೆಗೆ ತಾಗಿತು.

ಈ ಟ್ರೆಫೆನ್‌ಗೆ ‘ಭೇಟಿಯಾಗು’ ಅಂತಲೂ ಅರ್ಥ. “ನಿನ್ನೆ ಗೆಳತಿ ಸಿಕ್ಕಿದ್ದಳು” ಅನ್ನಲೂ ಟ್ರೆಫೆನ್. ಮೊದಲು ಕಲಿತಾಗ ಇದು ವಿಚಿತ್ರ ಅನ್ನಿಸಿತು. ಆಮೇಲೆ ಇಂಗ್ಲಿಷ್‌ನ ‘ಹಿಟ್’ ಚರಿತ್ರೆ ಓದಿದೆ. ಅದು ಸ್ಕ್ಯಾಂಡಿನೇವಿಯಾದವರ ಹಳೆಯ ಮಾತಿನಿಂದ ಇಂಗ್ಲೆಂಡಿಗೆ ಬಂದ ಪದ. ಅಲ್ಲಿ ‘ಹಿಟ್ಟಾ’ ಅಂದರೆ ಎದುರಾಗು, ಸಿಗು. ಹೊಡೆತ ಆಮೇಲೆ ಸೇರಿಕೊಂಡ ಅರ್ಥ. ಅಂದರೆ ನಮ್ಮ ಗಂಗಾವತಿ ತಂಗಿಯನ್ನು ಇಷ್ಟು ಕಾಡಿದ ಪದ ಶುರುವಿನಲ್ಲಿ ಇಬ್ಬರು ಎದುರಾಗುವ ಪದ ಆಗಿತ್ತು.


ಸಂಡೂರು ಗಣಿ · ಭಾನುವಾರ ರಾತ್ರಿ 10:20

‘ಸ್ಟ್ರೈಕ್’ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಾನು ಗಣಿಯಲ್ಲಿ ಭೂವಿಜ್ಞಾನದ ಕೆಲಸ ಮಾಡುತ್ತೇನೆ. ನಮಗೆ ಸ್ಟ್ರೈಕ್ ಅಂದರೆ ಮುಷ್ಕರ ಅಲ್ಲ, ಹೊಡೆತವೂ ಅಲ್ಲ. ಸಂಡೂರು ಗುಡ್ಡದಲ್ಲಿ ಅದಿರಿನ ಪದರ ಓರೆಯಾಗಿ ನಿಂತಿದೆ. ಆ ಪದರದ ಮೇಲೆ ಮಟ್ಟಸವಾಗಿ ಒಂದು ಗೆರೆ ಎಳೆದರೆ ಅದು ಯಾವ ದಿಕ್ಕಿಗೆ ಹೋಗುತ್ತದೋ ಅದು ಸ್ಟ್ರೈಕ್. ಪದರ ಎಷ್ಟು ಕಡಿದಾಗಿ ಕೆಳಗೆ ಇಳಿದಿದೆ ಅನ್ನುವುದು ಡಿಪ್. ಜರ್ಮನ್ ನಕ್ಷೆಗಳಲ್ಲಿ ಇವಕ್ಕೆ ‘ಶ್ಟ್ರೈಶೆನ್’, ‘ಫಾಲೆನ್’ ಅಂತ ಇರುತ್ತದೆ. ಒಂದು ಸಲ ಯಾರೋ ಮಾಡಿದ ಅನುವಾದದಲ್ಲಿ ‘ಸ್ಟ್ರೈಕ್’ ಜಾಗದಲ್ಲಿ ‘ಶ್ಟ್ರೈಕ್’ ಅಂತ ಬಂದಿತ್ತು. ಪದರದ ದಿಕ್ಕು ಹೋಗಿ ಕೂಲಿಗಾರರ ಮುಷ್ಕರ ಆಗಿತ್ತು. ಆ ಹಾಳೆ ತಿದ್ದುವಷ್ಟರಲ್ಲಿ ನಮಗೆ ಒಂದು ದಿನ ಹೋಯಿತು. ಹಾಗಾದರೆ ‘ಶ್ಟ್ರೈಶೆನ್’ ಅಂದರೆ ನಿಜವಾಗಿ ಏನು?


ಬಳ್ಳಾರಿ ಅನುವಾದಕಿ · ಸೋಮವಾರ ಬೆಳಗ್ಗೆ 7:30

ನನಗೆ ಎಲ್ಲಕ್ಕಿಂತ ಇಷ್ಟದ ಪದ ಇದು. ಬೆಳಗ್ಗೆ ಎದ್ದ ಕೂಡಲೇ ಬರೆಯಲು ಕೂತೆ.

ಇಂಗ್ಲಿಷ್‌ನ ‘ಸ್ಟ್ರೈಕ್’ ಮತ್ತು ಜರ್ಮನ್‌ನ ‘ಶ್ಟ್ರೈಶೆನ್’ ಒಡಹುಟ್ಟಿದ ಪದಗಳು. ಹಳೆಯ ಇಂಗ್ಲಿಷ್‌ನಲ್ಲಿ ಅದಕ್ಕೆ ಸವರು, ಮೇಲೆ ಹಾದು ಹೋಗು ಅನ್ನುವ ಅರ್ಥ ಇತ್ತು. ಇಂಗ್ಲಿಷ್‌ನಲ್ಲಿ ಕೈ ಭಾರವಾಗುತ್ತಾ ಹೋಯಿತು, ಸವರುವುದು ಹೊಡೆಯುವುದಾಯಿತು. ಜರ್ಮನ್‌ನಲ್ಲಿ ಕೈ ಹಗುರವಾಗಿಯೇ ಉಳಿಯಿತು. ರೊಟ್ಟಿಗೆ ಬೆಣ್ಣೆ ಸವರುವುದು ಶ್ಟ್ರೈಶೆನ್. ಹಾಗಾಗಿ ‘ಸ್ಟ್ರೈಕ್’ ಕಂಡಲ್ಲಿ ‘ಶ್ಟ್ರೈಶೆನ್’ ಹಾಕುವುದು ದೊಡ್ಡ ಅಪಾಯ.

ಈಗ ಕನ್ನಡ ನೋಡಿ. ಗೋಡೆಗೆ ಬಣ್ಣ ಬಳಿಯುವುದಕ್ಕೆ ನಾವು ಏನಂತೀವಿ? ಸುಣ್ಣ ಹೊಡೆ, ಬಣ್ಣ ಹೊಡೆ. ಜರ್ಮನ್‌ನಲ್ಲಿ ಅದು ಶ್ಟ್ರೈಶೆನ್! ಬರೆದ ಸಾಲನ್ನು ಗೆರೆ ಎಳೆದು ತೆಗೆದುಹಾಕುವುದಕ್ಕೆ? ‘ಹೊಡೆದು ಹಾಕು’. ಇಂಗ್ಲಿಷ್‌ನಲ್ಲಿ ‘ಸ್ಟ್ರೈಕ್ ಔಟ್’. ಜರ್ಮನ್‌ನಲ್ಲಿ ಮತ್ತೆ ಶ್ಟ್ರೈಶೆನ್. ಕನ್ನಡಕ್ಕೂ ಈ ಎರಡು ಭಾಷೆಗೂ ರಕ್ತಸಂಬಂಧ ಇಲ್ಲ. ಆದರೂ ಹಾಳೆಯ ಮೇಲೆ ಪೆನ್ನು ಎಳೆಯುವುದನ್ನು ಮೂರೂ ಕಡೆಯ ಜನ ಹತ್ತಿರ ಹತ್ತಿರದ ಪದಗಳಿಂದಲೇ ಹೇಳಿದ್ದಾರೆ. ಬೆಂಕಿಕಡ್ಡಿ ‘ಶ್ಟ್ರೈಶ್‌ಹೋಲ್ಟ್ಸ್’, ಅಂದರೆ ಗೀರುವ ಕಟ್ಟಿಗೆ. ಇಂಗ್ಲಿಷ್‌ನವರು ಕಡ್ಡಿಯನ್ನು ‘ಸ್ಟ್ರೈಕ್’ ಮಾಡುತ್ತಾರೆ, ನಾವು ಗೀರುತ್ತೇವೆ. ಜರ್ಮನ್ನರು ನಮ್ಮ ಕಡೆ ಇದ್ದಾರೆ.

ಮುಷ್ಕರಕ್ಕೆ ‘ಶ್ಟ್ರೈಕ್’ ಅನ್ನುವುದು ಜರ್ಮನ್ನರು ಇಂಗ್ಲಿಷ್‌ನಿಂದ ಸಾಲ ತಂದ ಪದ. 1768ರಲ್ಲಿ ಲಂಡನ್ ಬಂದರಿನಲ್ಲಿ ನಾವಿಕರು ಕೂಲಿಗಾಗಿ ಹಡಗಿನ ಹಾಯಿಗಳನ್ನು ಇಳಿಸಿ ಕೆಲಸ ನಿಲ್ಲಿಸಿದರು. ಹಾಯಿ ಇಳಿಸುವುದಕ್ಕೆ ಇಂಗ್ಲಿಷ್‌ನಲ್ಲಿ ‘ಸ್ಟ್ರೈಕ್’ ಅನ್ನುತ್ತಿದ್ದರು, ಅಲ್ಲಿಂದ ಮುಷ್ಕರಕ್ಕೆ ಆ ಹೆಸರು. ಹಾಯಿ ಇಳಿಸುವುದಕ್ಕೆ ಜರ್ಮನ್‌ನಲ್ಲೂ ‘ಡೀ ಝೇಗೆಲ್ ಶ್ಟ್ರೈಶೆನ್’. ಅಂದರೆ ಒಂದೇ ಪದ ಜರ್ಮನ್‌ನಲ್ಲಿ ಎರಡು ಬಾಗಿಲಿನಿಂದ ಒಳಗೆ ಬಂದಿದೆ. ಹಳೆಯದು ಮನೆಯದು, ಹೊಸದು ಸಾಲದ್ದು. ಸಂಡೂರಿನ ಹಾಳೆಯಲ್ಲಿ ಅದಲುಬದಲಾದದ್ದು ಈ ಎರಡೇ.


ಕುಷ್ಟಗಿ ಬಿಎಸ್ಸಿ · ಸೋಮವಾರ ಬೆಳಗ್ಗೆ 9:05

ಗಡಿಯಾರ ಹನ್ನೆರಡು ಹೊಡೆಯಿತು, ಕರೆಂಟ್ ಹೊಡೆಯಿತು, ಇವಕ್ಕೆ?


ಸಿರುಗುಪ್ಪದವಳು, ಈಗ ಹ್ಯಾಂಬರ್ಗ್ · ಸೋಮವಾರ ಮಧ್ಯಾಹ್ನ 1:00

ಇಲ್ಲೆಲ್ಲ ಧೈರ್ಯವಾಗಿ ಶ್ಲಾಗೆನ್ ಅಥವಾ ಅದರ ನಾಮಪದ ‘ಶ್ಲಾಗ್’ ಹಾಕು ತಮ್ಮಾ. ಗಡಿಯಾರ ಹೊಡೆಯುವುದು ಶ್ಲಾಗೆನ್. ಕರೆಂಟ್ ಹೊಡೆದರೆ ‘ಶ್ಟ್ರೋಮ್‌ಶ್ಲಾಗ್’. ಹೃದಯ ಬಡಿತ ‘ಹೆರ್ಟ್ಸ್‌ಶ್ಲಾಗ್’. ಲಕ್ವ ಹೊಡೆಯಿತು ಅಂತೀವಲ್ಲ, ಅದು ‘ಶ್ಲಾಗ್‌ಆನ್‌ಫಾಲ್’. ನಮ್ಮ ಅಜ್ಜನಿಗೆ ಲಕ್ವ ಹೊಡೆದಾಗ ನಾನು ಚಿಕ್ಕವಳು. ಇಲ್ಲಿ ಮೊದಲ ಸಲ ಆ ಪದವನ್ನು ಫೈಲಿನಲ್ಲಿ ಓದಿದಾಗ ಯಾರೂ ಅರ್ಥ ಹೇಳಬೇಕಾಗಲಿಲ್ಲ. ಕಾಯಿಲೆ ಬಂದು ಹೊಡೆಯುತ್ತದೆ ಅನ್ನುವುದು ಸಿರುಗುಪ್ಪದಲ್ಲೂ ಹ್ಯಾಂಬರ್ಗ್‌ನಲ್ಲೂ ಒಂದೇ.

ರಾಯಚೂರಿನವರಿಗೆ ಇನ್ನೊಂದು. ಬೇಸಿಗೆಯಲ್ಲಿ “ಬಿಸಿಲು ಬಡಿಯಿತು” ಅಂತೀವಿ. ಇಲ್ಲಿ ಎರಡು ಪದ ಇವೆ, ಎರಡೂ ಬೇರೆ ಕಾಯಿಲೆ. ತಲೆಗೆ ಬಿಸಿಲು ಬಿದ್ದು ತಲೆನೋವು, ವಾಕರಿಕೆ, ಕತ್ತು ಬಿಗಿತ ಆದರೆ ‘ಝೊನೆನ್‌ಶ್ಟಿಶ್’, ಸೂರ್ಯ ಚುಚ್ಚಿದ ಹಾಗೆ. ಮೈಯ ಶಾಖವೇ ಹಿಡಿತ ತಪ್ಪಿ ಏರಿ ಜೀವಕ್ಕೆ ಕುತ್ತು ಬಂದರೆ ‘ಹಿಟ್ಸ್‌ಶ್ಲಾಗ್’, ಶಾಖ ಹೊಡೆದದ್ದು. ಒಂದರ ಜಾಗದಲ್ಲಿ ಇನ್ನೊಂದು ಬರೆಯಬಾರದು.

ಕಪಾಳಕ್ಕೆ ಹೊಡೆಯುವುದಕ್ಕೆ ‘ಓರ್‌ಫೈಗೆ’ ಅನ್ನುವ ಪದ ಇದೆ. ನಾವು ಏಟು ಅನ್ನುವ ಪದವನ್ನೇ ನುಂಗಿ “ಒಂದು ಬಿಗಿದ”, “ಎರಡು ಕೊಟ್ಟ” ಅಂತೀವಿ. ಇವರೂ ಹಾಗೇ ಓರ್‌ಫೈಗೆ ನುಂಗಿ “ಈಮ್ ಐನೆ ಗೆಕ್ಲೇಪ್ಟ್” ಅಂತಾರೆ, ಅವನಿಗೆ ಒಂದು ಅಂಟಿಸಿದ. ರೋಗಿಗಳ ಬಾಯಲ್ಲಿ ಕೇಳಿಸಿದರೆ ಅರ್ಥವಾಗಬೇಕು, ಅದಕ್ಕೆ ಹೇಳಿದೆ. ಬರೆಯುವಾಗ ಬೇಡ.


ರಾಯಚೂರು ಮೇಷ್ಟ್ರು · ಸೋಮವಾರ ಸಂಜೆ 5:20

ಪತ್ರಿಕೆಯ ಆಟದ ಪುಟದಲ್ಲಿ ‘ಬಗ್ಗುಬಡಿ’ ಬರುತ್ತದೆ. 2014ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಜರ್ಮನಿ ಬ್ರೆಜಿಲನ್ನು 7-1ರಿಂದ ಸೋಲಿಸಿತಲ್ಲ, ಅಂಥದ್ದಕ್ಕೆ. ಅಲ್ಲೂ ಹೊಡೆಯುವ ಪದವೇ ಇದೆಯೇ?


ಬಳ್ಳಾರಿ ಅನುವಾದಕಿ · ಸೋಮವಾರ ಸಂಜೆ 5:45

ಅದೇ ಸರ್, ಶ್ಲಾಗೆನ್. “ಡೊಯ್ಚ್‌ಲಾಂಡ್ ಹಾಟ್ ಬ್ರಾಜೀಲಿಯೆನ್ ಗೆಶ್ಲಾಗೆನ್.” ಬ್ರೆಜಿಲ್‌ಗೆ ಅಲ್ಲ, ಬ್ರೆಜಿಲನ್ನು. ಇಲ್ಲಿ ನಮ್ಮ ವಿಭಕ್ತಿಯೂ ಅವರದ್ದೂ ಒಂದೇ.


ಗಂಗಾವತಿ ನರ್ಸ್ · ಸೋಮವಾರ ರಾತ್ರಿ 9:30

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಿಲ್ಲ. ಮನಸ್ಸಿನಲ್ಲಿ ಇದ್ದ ಇನ್ನೊಂದು ವಿಷಯ ಕೇಳಿಬಿಡುತ್ತೇನೆ. ನಿಜ ಹೇಳಬೇಕೆಂದರೆ ಮೊದಲಿನಿಂದ ನನ್ನನ್ನು ಕಾಡುತ್ತಿದ್ದದ್ದು ಇದೇ.

ನಮ್ಮ ವಾರ್ಡಿಗೆ ಹೆಂಗಸರು ಬರುತ್ತಿದ್ದರು. ಕಣ್ಣಿನ ಕೆಳಗೆ ಕಪ್ಪು. ಕೇಳಿದರೆ “ಬಾಗಿಲು ಬಡೀತು ಸಿಸ್ಟರ್” ಅನ್ನುತ್ತಿದ್ದರು. ಕೆಲವರಿಗೆ ನಿಜವಾಗಿಯೂ ಬಾಗಿಲೇ ಬಡಿದಿರುತ್ತಿತ್ತು. ಕೆಲವರಿಗೆ ಅಲ್ಲ ಅಂತ ಅವರ ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. ಇಂಗ್ಲಿಷ್‌ನಲ್ಲಿ ಬರೆಯುವಾಗ ಹಿಟ್ ಅಂತ ಬರೆದು ಮುಗಿಸುತ್ತಿದ್ದೆವು. ಜರ್ಮನ್‌ನಲ್ಲಿ ನಾನು ಶ್ಟೋಸೆನ್ ಬರೆದರೆ ಅಪಘಾತ ಅಂತ ನಾನೇ ತೀರ್ಮಾನ ಮಾಡಿದ ಹಾಗೆ. ಶ್ಲಾಗೆನ್ ಬರೆದರೆ ಗಂಡ ಹೊಡೆದ ಅಂತ ನಾನೇ ಹೇಳಿದ ಹಾಗೆ. ನನಗೆ ಎರಡನ್ನೂ ಹೇಳುವ ಹಕ್ಕು ಇಲ್ಲ. ಏನು ಬರೆಯಲಿ?


ಸಿರುಗುಪ್ಪದವಳು, ಈಗ ಹ್ಯಾಂಬರ್ಗ್ · ಸೋಮವಾರ ರಾತ್ರಿ 11:50

ಇದಕ್ಕೆ ಜರ್ಮನ್‌ನಲ್ಲಿ ಒಳ್ಳೆಯ ದಾರಿ ಇದೆ. ನಮ್ಮ ಕನ್ನಡದಲ್ಲೂ ಇದೆ.

ಕನ್ನಡದಲ್ಲಿ “ಬಾಗಿಲು ಬಡಿಯಿತು” ಬೇರೆ, “ಬಾಗಿಲು ಬಡಿಯಿತಂತೆ” ಬೇರೆ. ‘ಅಂತೆ’ ಸೇರಿದರೆ ಆ ಮಾತು ನನ್ನದಲ್ಲ, ಅವರದು. ಜರ್ಮನ್‌ನಲ್ಲಿ ಅದಕ್ಕೆ ಕ್ರಿಯಾಪದದ ರೂಪವೇ ಬೇರೆ ಇದೆ, ‘ಕೊನ್‌ಯುಂಕ್ಟಿಫ್’ ಅಂತಾರೆ. “ಡೀ ಪಾಟ್ಸಿಯೆಂಟಿನ್ ಗಿಪ್ಟ್ ಆನ್, ಝೀ ಹಾಬೆ ಝಿಶ್ ಆನ್ ಡೆರ್ ಟ್ಯೂರ್ ಗೆಶ್ಟೋಸೆನ್.” ಬಾಗಿಲಿಗೆ ಬಡಿದುಕೊಂಡೆ ಅಂತ ರೋಗಿ ಹೇಳುತ್ತಾರೆ. ‘ಹಾಟ್’ ಇರಬೇಕಾದ ಜಾಗದಲ್ಲಿ ‘ಹಾಬೆ’ ಬಂದಿದೆ ನೋಡಿ. ಇದನ್ನು ಓದಿದ ಡಾಕ್ಟರಿಗೆ ಇದು ರೋಗಿಯ ಮಾತು, ನರ್ಸ್ ಕಂಡದ್ದಲ್ಲ ಅಂತ ಕೂಡಲೇ ತಿಳಿಯುತ್ತದೆ.

ಅದರ ಕೆಳಗೆ ನೀವು ಕಣ್ಣಾರೆ ಕಂಡದ್ದನ್ನು ಬರೆಯಿರಿ. ಬಾವು ಎಲ್ಲಿ, ಎಷ್ಟು ಸೆಂಟಿಮೀಟರ್, ಯಾವ ಬಣ್ಣ, ಹಳೆಯ ಗಾಯ ಇದೆಯಾ, ತೋಳಿನ ಮೇಲೆ ಬೆರಳಿನ ಗುರುತು ಇದೆಯಾ. ಅಲ್ಲಿ ಹೊಡೆತದ ಕ್ರಿಯಾಪದವೇ ಬೇಡ. ಆಮೇಲೆ ಡಾಕ್ಟರಿಗೆ ಬಾಯಲ್ಲೂ ಹೇಳಿ, ಆ ಹೆಂಗಸಿನ ಜೊತೆ ಒಬ್ಬರೇ ಕೂತು ಮಾತಾಡಲು ಸಮಯ ಕೇಳಿ.


ಬಳ್ಳಾರಿ ಅನುವಾದಕಿ · ಮಂಗಳವಾರ ಬೆಳಗ್ಗೆ 6:50

ಒಂದೇ ಒಂದು ತಿದ್ದುಪಡಿ. ನಮ್ಮ ‘ಅಂತೆ’ಯಲ್ಲಿ ಕೆಲವು ಸಲ “ನನಗೆ ನಂಬಿಕೆ ಇಲ್ಲ” ಅನ್ನುವ ದನಿ ಇರುತ್ತದೆ. ‘ಹಾಬೆ’ಯಲ್ಲಿ ಅದು ಇಲ್ಲ. ಅದು ನಂಬುವುದೂ ಇಲ್ಲ, ಅನುಮಾನಿಸುವುದೂ ಇಲ್ಲ. ಆ ಹೆಂಗಸಿಗೆ ಬೇಕಾದದ್ದೂ ಅದೇ. ನಾಳೆ ಅವಳು ಬೇರೆ ಮಾತು ಹೇಳಿದರೆ ಆ ಕಾಗದ ಅವಳನ್ನು ಸುಳ್ಳಿ ಅನ್ನಬಾರದು.

ಇಷ್ಟು ವರ್ಷ ಯಂತ್ರದ ಸುತ್ತಿಗೆ, ಕಲ್ಲು ಒಡೆಯುವ ಗಿರಣಿ, ಇವುಗಳ ಹೊಡೆತವನ್ನೇ ಅನುವಾದ ಮಾಡಿದೆ. ಒಂದು ಪದದ ಮೇಲೆ ಒಬ್ಬರ ಬದುಕು ನಿಂತಿರುತ್ತದೆ ಅಂತ ನಿನ್ನ ಪ್ರಶ್ನೆ ಓದಿದ ಮೇಲೆ ಗೊತ್ತಾಯಿತು ತಂಗೀ.


ಗಂಗಾವತಿ ನರ್ಸ್ · ಮಂಗಳವಾರ ರಾತ್ರಿ 8:15

ಇವತ್ತು ಮೂರೂ ವಾಕ್ಯ ತಿದ್ದಿ ಕೊಟ್ಟೆ. ನಾಲ್ಕನೆಯದಾಗಿ ಬಾಗಿಲಿನ ವಾಕ್ಯವನ್ನೂ ಬರೆದೆ, ಅದನ್ನು ಯಾರೂ ಕೇಳಿರಲಿಲ್ಲ. ಟೀಚರ್ ಓದಿ ‘ಹಾಬೆ’ ಕೆಳಗೆ ಎರಡು ಗೆರೆ ಎಳೆದರು. ಈ ಸಲ ಹಸಿರು ಪೆನ್ನಿನಲ್ಲಿ. ನಾಳೆ ಕ್ಲಾಸಿನಲ್ಲಿ ಎಲ್ಲರಿಗೂ ಆ ವಾಕ್ಯ ಬೋರ್ಡಿನ ಮೇಲೆ ಬರೆದು ತೋರಿಸು ಅಂದಿದ್ದಾರೆ.

ಮುಂದಿನ ಪಾಠ ಬೀಳುವುದರ ಬಗ್ಗೆ. ಫಾಲೆನ್, ಶ್ಟ್ಯುರ್ಟ್ಸೆನ್. ಬಿದ್ದ, ಜಾರಿದ, ಮುಗ್ಗರಿಸಿದ, ಕುಸಿದ. ಮೊದಲು ಕನ್ನಡದಲ್ಲಿ ಬರೆದುಕೊಂಡು ಆಮೇಲೆ ಇಲ್ಲಿ ಹಾಕುತ್ತೇನೆ.